ಕಸ್ತೂರಕ್ಕನ ಬೂದಿ ಲೆಕ್ಕ

ನಮ್ಮ ಮನೆಯವರ ಅಕ್ಕ ಕಸ್ತೂರಮ್ಮ ಜಗಳೂರಿನ ಕಾಲೇಜಿನಲ್ಲಿ ಫಿಜಿಕ್ಸ್ ಹೇಳಿಕೊಡುತ್ತಿದ್ದರು. ಅವರನ್ನು ಕಂಡರೆ ನೆಂಟರಲ್ಲಿ ಕೆಲವರಿಗೆ ಭಯ, ಕೆಲವರಿಗೆ ನಗು. ನನಗೆ ಎರಡೂ ಇತ್ತು. ಎಪ್ಪತ್ತೊಂಬತ್ತರಲ್ಲಿ ಅವರು ಚೊಚ್ಚಲ ಬಾಣಂತನಕ್ಕೆ ನ್ಯಾಮತಿಗೆ ಬಂದಾಗ ನಾನು ಆ ಮನೆಯ ಸೊಸೆ. ಬೆಂಗಳೂರಲ್ಲಿ ಓದಿ ಬೆಳೆದವಳು, ಕೈಯಲ್ಲಿ ಒಂದೂವರೆ ವರ್ಷದ ಮಗಳು. ಮಗು ಸೀನಿದರೆ ಸಾಕು, ನಿಮೋನಿಯಾ ಎಂದು ನನಗೆ ನಿದ್ದೆ ಹೋಗುತ್ತಿತ್ತು.

ಕಸ್ತೂರಕ್ಕ ಪಿಎಚ್.ಡಿ.ಗೆ ಹಿಡಿದ ವಿಷಯ ಗುರುತ್ವ. ಪರಮಾಣುವಿಗಿಂತ ಸಣ್ಣ ಕಣಗಳ ಲೋಕಕ್ಕೆ ಅದನ್ನು ಇಳಿಸಿ ಲೆಕ್ಕ ಮಾಡಿದರೆ ಉತ್ತರ ಅನಂತ ಬರುತ್ತದಂತೆ. ಅನಂತ ಬಂತೆಂದರೆ ಲೆಕ್ಕ ಕೆಟ್ಟಿತು ಎಂದೇ ಅರ್ಥ. ಆಗ ಹೊಸದೊಂದು ವಿಚಾರ ಹೊರಟಿತ್ತು. ಪ್ರತಿ ಕಣಕ್ಕೂ ಒಂದು ಜೋಡಿ ಉಂಟು ಎಂದುಕೊಂಡರೆ ಇದರ ಅನಂತವನ್ನು ಅದು ಹೊಡೆದುಹಾಕುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ದೊಡ್ಡ ದೊಡ್ಡವರು ಆಸೆ ಇಟ್ಟುಕೊಂಡಿದ್ದರು. ಕಸ್ತೂರಕ್ಕ ಒಂದು ಬಗೆಯ ಕಣಗಳನ್ನು ಸೇರಿಸಿ ನೋಡಿ, ಇಲ್ಲಿ ಹೊಡೆದುಹೋಗುವುದಿಲ್ಲ, ಉಳಿಯುತ್ತದೆ ಎಂದು ಪ್ರಬಂಧ ಬರೆದಿದ್ದರು.

ಹೆರಿಗೆಯಾದ ವಾರದಲ್ಲೇ ಅವರ ಗೈಡ್ ಕಾಗದ ಬರೆದರು. ಲೆಕ್ಕದಲ್ಲಿ ಒಂದು ತುಂಡು ಬಿಟ್ಟುಹೋಗಿದೆ ಎಂದು ಪರೀಕ್ಷಕರೊಬ್ಬರು ತಕರಾರು ತೆಗೆದಿದ್ದಾರೆ. ತಿಂಗಳ ಕೊನೆಗೆ ಮೌಖಿಕ ಪರೀಕ್ಷೆ, ಅಲ್ಲೇ ಉತ್ತರ ಕೊಡಬೇಕು. ಅದೇ ತಿಂಗಳು ನಾನು ರಿಟೈರ್ ಆಗುತ್ತೇನೆ, ಆಮೇಲೆ ಇಲ್ಲಿ ಈ ವಿಷಯ ತಿಳಿದವರು ಯಾರೂ ಇಲ್ಲ, ಪ್ರಬಂಧ ಬೀರುವಿನಲ್ಲೇ ಉಳಿಯುತ್ತದೆ ಎಂದು ಬರೆದಿದ್ದರು.

"ಉಳೀಲಿ" ಎಂದರು ಅತ್ತೆ ಶಿವಗಂಗಮ್ಮ. ಬಾಣಂತಿ ಓದಿದರೆ ಕಣ್ಣು ಇಂಗಿಹೋಗುತ್ತವೆ, ಬರೆದರೆ ನರ ಸೆಳೆಯುತ್ತವೆ. ಮಗಳ ಪುಸ್ತಕ, ಪೆನ್ನು, ಹಾಳೆಗಳನ್ನೆಲ್ಲ ಟ್ರಂಕಿಗೆ ತುಂಬಿ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅವ್ವ, ಭೂಮಿ ನಮ್ಮನ್ನ ಎಳೀತೈತಲ್ಲ, ಅದರ ಲೆಕ್ಕ ಇದು."

"ಎಳೀಲಿ ಬಿಡು. ನಿನ್ನ ಸೊಂಟ ಎಳೀದಿದ್ರೆ ಸಾಕು ನನಗೆ."

ಕಸ್ತೂರಕ್ಕನ ಗಂಡ ವಿರೂಪಾಕ್ಷಪ್ಪ ಜಗಳೂರಿನಿಂದ ಭಾನುವಾರ ಬಂದು ಮಗುವಿನ ಮುಖ ನೋಡಿ, "ಅತ್ತೆ ಹೇಳಿದಂಗೆ ಕೇಳು" ಎಂದು ಸಂಜೆ ಬಸ್ಸಿಗೆ ಹೋದರು. ನನಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿ ಪೆನ್ಸಿಲ್ ಮುಚ್ಚಿಟ್ಟುಕೊಂಡು ಕೋಣೆಗೆ ಹೋದೆ.

"ಕದ್ದು ಬರೆಯಾಕೆ ನಾನೇನು ಕಾಪಿ ಹೊಡೀತಿದೀನಾ?" ಎಂದರು ಕಸ್ತೂರಕ್ಕ. "ತಗೊಂಡು ಹೋಗು."

ಮಾರನೇ ದಿನ ನೋಡುತ್ತೇನೆ, ತಲೆಗೆ ಬಟ್ಟೆ ಬಿಗಿದು ಕಿವಿಗೆ ಹತ್ತಿ ಇಟ್ಟುಕೊಂಡು, ಬಾಗಿಲು ಪೂರ್ತಿ ತೆರೆದು, ನೆಲದ ಮೇಲೆ ಕೂತಿದ್ದಾರೆ. ಮೈ ಕಾಯಿಸುವ ಅಗ್ಗಿಷ್ಟಿಕೆಯಿಂದ ಆರಿದ ಬೂದಿ ತೆಗೆದು ಹಿತ್ತಾಳೆ ಹರಿವಾಣದಲ್ಲಿ ಹರಡಿ, ಬೆರಳಲ್ಲಿ ಗೀಚುತ್ತಿದ್ದಾರೆ. ಒಂದು ಸಾಲು ಬರೆಯುವುದು, ತುಟಿ ಅಲ್ಲಾಡಿಸಿ ಬಾಯಿಪಾಠ ಮಾಡುವುದು, ಹರಿವಾಣ ಕುಲುಕಿ ಅಳಿಸುವುದು, ಮುಂದಿನ ಸಾಲು.

"ಬಾಗಿಲು ಹಾಕ್ಲಾ ಅಕ್ಕಾ? ಮಗುಗೆ ಗಾಳಿ..."

"ಬ್ಯಾಡ. ಯಾರು ಬೇಕಾದ್ರೂ ನೋಡ್ಲಿ. ಬೂದೀಲಿ ಬರೀಬ್ಯಾಡ ಅಂತ ಯಾರೂ ಹೇಳಿಲ್ಲ."

ಅತ್ತೆ ನೋಡಿದರು. ಬಾಗಿಲಲ್ಲೇ ನಿಂತು ಕೈ ಮುಗಿದರು! ಲೆಕ್ಕದ ಹುಚ್ಚು ಬಿಟ್ಟು ಮಗಳು ಭಸ್ಮ ಮುಂದಿಟ್ಟುಕೊಂಡು ಶಿವನಾಮ ಜಪಿಸುತ್ತಿದ್ದಾಳೆ ಎಂದು ತಿಳಿದರು. ಲಿಂಗ ಕಟ್ಟಿದ ಮನೆಯಲ್ಲಿ ಬೂದಿ ಎಂದರೆ ಮತ್ತೇನು ತಾನೇ? ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಅಂದಿನಿಂದ ಯಾರೂ ತಡೆಯಲಿಲ್ಲ. ಅತ್ತೆ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ತಾವೇ ತಂದಿಡತೊಡಗಿದರು.

"ಹಾಗೇ ಅಂದ್ಕೊಳ್ಳಲಿ ಬಿಡಿ ಅಕ್ಕಾ, ನಿಮ್ಮ ಕೆಲಸ ನಡೆಯುತ್ತಲ್ಲ" ಎಂದು ಬೇಡಿಕೊಂಡೆ. ಅವರು ಹರಿವಾಣ ಕುಲುಕಿ ಮುಂದಿನ ಸಾಲಿಗೆ ಹೋದರು. ಪರೀಕ್ಷಕರು ಹೇಳಿದ್ದು ನಿಜವಾಗಿತ್ತು, ಒಂದು ತುಂಡು ಬಿಟ್ಟುಹೋಗಿತ್ತು. ಅದನ್ನು ಸೇರಿಸುತ್ತಾ ಹೋದಂತೆ ಅವರ ಮುಖ ಗಂಟಿಕ್ಕುತ್ತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಅನ್ನಪೂರ್ಣಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದವರೇ, "ಕೂಸು ಬೆಚ್ಚಿಬೀಳ್ತೈತೆ ಕಣವ್ವ, ನಿನ್ನ ಕೈಯ ಭಸ್ಮ ಹಚ್ತೀನಿ" ಎನ್ನುತ್ತಾ ಹರಿವಾಣದ ನಡುವಿನಿಂದಲೇ ಚಿಟಿಕೆ ಎತ್ತಿ ಕೂಸಿನ ಹಣೆಗೆ ಬಳಿದರು.

"ಅಯ್ಯೋ, ಚಿಹ್ನೆ ಹೋಯ್ತು! ಅದು ಭಸ್ಮ ಅಲ್ಲ ದೊಡ್ಡವ್ವ, ಲೆಕ್ಕ!"

"ಎಂಥ ಲೆಕ್ಕನೇ?" ಎಂದರು ಹಿಂದೆಯೇ ಬಂದ ಅತ್ತೆ.

ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಕಸ್ತೂರಕ್ಕ ನೆಟ್ಟಗೆ ಕೂತರು. "ಗುರುತ್ವದ್ದು ಅವ್ವ. ಇಷ್ಟು ದಿನ ಮಾಡಿದ್ದೂ ಅದೇ. ಜಪ ಅಂತ ನಾನು ಒಂದ್ಸಲನಾದ್ರೂ ಅಂದಿದ್ನಾ? ಸೋಮವಾರ ಪರೀಕ್ಷೆಗೆ ಹೊರಡ್ತೀನಿ. ನೀನು ಹೂಂ ಅಂದ್ರೂ ಅಷ್ಟೆ, ಊಹೂಂ ಅಂದ್ರೂ ಅಷ್ಟೆ."

"ಹಸಿ ಬಾಣಂತಿ ಹೊಸ್ತಿಲು ದಾಟ್ತೀಯಾ? ಓಣಿ ಮುಂದೆ ನನ್ನ ಮರ್ಯಾದೆ ಏನೇ?"

"ಭಸ್ಮ ಅಂತ ಓಣಿಗೆ ಹೇಳಿದೋಳು ನೀನು. ಅದನ್ನ ನೀನೇ ನೋಡ್ಕೋ."

ಅನ್ನಪೂರ್ಣಮ್ಮ ಕೂಸಿನ ಹಣೆ ಒರೆಸುವುದೋ ಬಿಡುವುದೋ ತಿಳಿಯದೆ ನಿಂತಿದ್ದರು. "ಇರ್ಲಿ ಬಿಡವ್ವ, ಮಲಗ್ಯಾನೆ" ಎಂದು ಮೆಲ್ಲಗೆ ಜಾರಿಕೊಂಡರು.

ಸೋಮವಾರದವರೆಗೆ ಅತ್ತೆ ಮಗಳ ಜೊತೆ ಮಾತಾಡಲಿಲ್ಲ. ಹೊರಡುವ ಹೊತ್ತಿಗೆ ಬಂದು, ಬೈಯುತ್ತಲೇ ತಲೆಬಟ್ಟೆಯನ್ನು ಇನ್ನಷ್ಟು ಬಿಗಿದರು. ಕಾಯಿಸಿದ ನೀರಿನ ಫ್ಲಾಸ್ಕನ್ನು ನನ್ನ ಕೈಗೆ ತುರುಕಿದರು. "ಇವಳಿಗಂತೂ ಬುದ್ಧಿ ಇಲ್ಲ, ನೀನಾದ್ರೂ ಹೋಗೇ. ನಿನ್ನ ಮಗಳನ್ನ ನಾನು ನೋಡ್ಕಂತೀನಿ." ನನ್ನ ಕೂಸನ್ನು ಬಿಟ್ಟು ಕಸ್ತೂರಕ್ಕನ ಕೂಸನ್ನು ಎತ್ತಿಕೊಂಡು ನಾನು ಶಿವಮೊಗ್ಗದ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಯೂನಿವರ್ಸಿಟಿಯ ಊರಿಗೆ ರೈಲು. ಬಸ್ಸಿನ ಕಿಟಕಿ, ರೈಲಿನ ಹೊಗೆ, ಕೆಮ್ಮುವ ಮುದುಕ, ಎಲ್ಲವೂ ಆ ಪುಟ್ಟ ಮೂಗಿನ ಮೇಲೇ ಕಣ್ಣಿಟ್ಟಂತೆ ಅನಿಸುತ್ತಿತ್ತು. ಕಸ್ತೂರಕ್ಕ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಸಾಲುಗಳನ್ನು ಹೇಳಿಕೊಳ್ಳುತ್ತಿದ್ದರು.

ಪರೀಕ್ಷೆಯ ಕೋಣೆಗೆ ಅವರು ಹೋದದ್ದು ತಲೆಬಟ್ಟೆಯಲ್ಲೇ. ಜೊತೆಗೆ ಸಾಂಬ್ರಾಣಿ, ಓಂಕಾಳಿನ ವಾಸನೆ. ಕೂಸಿನೊಂದಿಗೆ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ತಕರಾರಿನ ಪರೀಕ್ಷಕರು ದೂರದ ಊರಿನವರು, ದಪ್ಪ ಕನ್ನಡಕ. "ಮೈ ಹುಷಾರಿಲ್ಲದಿದ್ದರೆ..." ಎಂದು ಶುರುಮಾಡಿದರು.

"ಹುಷಾರಾಗಿದೀನಿ ಸರ್. ಹೆತ್ತಿದೀನಿ ಅಷ್ಟೆ."

ಬಿಟ್ಟುಹೋದ ತುಂಡನ್ನು ಕಸ್ತೂರಕ್ಕ ಬೋರ್ಡಿನ ಮೇಲೆ ಬರೆದರು. "ಇದನ್ನ ಬಿಟ್ಟಿದ್ದು ನನ್ನ ತಪ್ಪು. ಸೇರಿಸಿದೀನಿ. ಅನಂತದ ಮುಂದಿನ ಅಂಕಿ ಅರ್ಧಕ್ಕಿಳೀತು, ಅನಂತ ಹೋಗಲಿಲ್ಲ."

ಪರೀಕ್ಷಕರು ಮೇಜಿನ ಮೇಲೆ ಬೆರಳು ಬಡಿದರು. "ಎಲ್ಲರೂ ಹೋಗುತ್ತೆ ಅಂತಿದ್ದಾರೆ. 'ಬಹುಶಃ ಉಳಿಯಬಹುದು' ಅಂತ ತಿದ್ದಿ, ಈಗಲೇ ಸಹಿ ಮಾಡ್ತೀವಿ."

ಗೈಡ್ ನೆಲ ನೋಡುತ್ತಿದ್ದರು. ಒಪ್ಪಿಬಿಡಿ ಅಕ್ಕಾ, ಒಂದು ಪದ ತಾನೇ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಆಗಲ್ಲ ಸರ್. ಉಳಿದೈತೆ. ಉಳಿದಿದ್ದನ್ನ ಬಹುಶಃ ಅನ್ನಾಕೆ ನನ್ನಿಂದ ಆಗಲ್ಲ. ಎಲ್ಲಿ ಹೋಗ್ತೈತೆ ಅಂತ ನೀವೇ ತೋರಿಸ್ರಿ." ಸೀಮೆಸುಣ್ಣವನ್ನು ಅವರ ಮುಂದೆ ಚಾಚಿದರು.

ಅವರು ಸಿಟ್ಟಿನಿಂದಲೇ ಎದ್ದು ಬರೆಯತೊಡಗಿದರು. ಅಷ್ಟರಲ್ಲಿ ಕೂಸು ಕಿರುಚಿತು. ನಾನು ಎಷ್ಟು ತಟ್ಟಿದರೂ ನಿಲ್ಲಲಿಲ್ಲ. ಕಸ್ತೂರಕ್ಕ ಬಂದು ಎತ್ತಿಕೊಂಡರು. ಪರೀಕ್ಷೆಯ ಕುರ್ಚಿಯಲ್ಲೇ ಕೂತು, ಶಾಲಿನೊಳಗೆ ಹಾಲಿಗೆ ಹಾಕಿಕೊಂಡು, ಬೋರ್ಡು ನೋಡತೊಡಗಿದರು. "ಎರಡನೇ ಸಾಲಲ್ಲಿ ಮೈನಸ್ ಬರಬೇಕು ಸರ್." ಪರೀಕ್ಷಕರು ನಿಂತರು, ನೋಡಿದರು, ತಿದ್ದಿದರು. ಬೋರ್ಡಿನ ಕೆಳತುದಿಗೆ ಬರುವಾಗ ಅವರ ಕೈ ನಿಧಾನವಾಯಿತು. ಕೊನೆಯ ಸಾಲಿನಲ್ಲಿ ಅವರ ಲೆಕ್ಕದಲ್ಲೂ ಅನಂತ ಉಳಿದಿತ್ತು. ಆಮೇಲೆ ಕೈ ಒರೆಸಿಕೊಂಡು ಬಂದು, ಸಹಿ ಹಾಕಿ, ಕಾಗದವನ್ನು ಗೈಡ್ ಕಡೆ ತಳ್ಳಿದರು.

"ಬಾಮ್ಮ, ನಿನ್ನ ಸಹಿನೂ ಬೇಕು" ಎಂದರು ಗೈಡ್.

"ಕೂಸು ಕುಡಿದು ಮುಗಿಸ್ಲಿ ಸರ್, ಬರ್ತೀನಿ" ಎಂದರು ಕಸ್ತೂರಕ್ಕ.

ಎಲ್ಲರೂ ಕಾದರು.