ಬಂಗಾರಪ್ಪನ ದನಿ ಮತ್ತು ನಮ್ಮ ಹಾಲಸ್ವಾಮಿ ಸರ್

ತತ್ತ್ವಶಾಸ್ತ್ರವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳೇ ವಿರಳವಾದ ನಮ್ಮ ಸೀಮೆಯಲ್ಲಿ, ಇಡೀ ವೃತ್ತಿಜೀವನವನ್ನು ಆ ವಿಷಯದ ಬೋಧನೆಗೇ ಮುಡಿಪಾಗಿಟ್ಟು, ತರಗತಿಯ ಬೆಂಚುಗಳಿಗಿಂತ ಬಸ್ ನಿಲ್ದಾಣದ ಕಟ್ಟೆಗಳ ಮೇಲೆಯೇ ಹೆಚ್ಚು ಶಿಷ್ಯರನ್ನು ಸಂಪಾದಿಸಿದ ಪ್ರಾಧ್ಯಾಪಕ ಹಾಲಸ್ವಾಮಿಯವರು ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಕೃತಕ ಬುದ್ಧಿಮತ್ತೆಯ ನೀತಿ-ಅನೀತಿಗಳನ್ನು ಕುರಿತು ಈಗ ಊರೂರಲ್ಲಿ ವಿಚಾರ ಸಂಕಿರಣಗಳು ನಡೆಯುತ್ತಿವೆ. ಮಧ್ಯಾಹ್ನದ ಊಟವೂ ಚೆನ್ನಾಗಿರುತ್ತದೆ. ಹಾಲಸ್ವಾಮಿಯವರಿಗೆ ಮಾತ್ರ ಆ ಪ್ರಶ್ನೆ ಎದುರಾದದ್ದು ಒಂದು ಮನೆಯ ಮುಂದಿನ ಕಟ್ಟೆಯ ಮೇಲೆ. ಅವರ ಪಾಂಡಿತ್ಯವನ್ನು ಕುರಿತು ಬರೆಯಬಲ್ಲವರು ಈ ಬೀಳ್ಕೊಡುಗೆ ಸಂಪುಟದಲ್ಲಿ ಬೇರೆಯೇ ಇದ್ದಾರೆ. ಇಲ್ಲಿ ಆ ಕಟ್ಟೆಯ ಸಂಗತಿಯನ್ನಷ್ಟೇ ಹೇಳುವುದು ಉಚಿತ.

ಹರಪನಹಳ್ಳಿಯಲ್ಲಿ ಅರೆಕಾಲಿಕ ಉಪನ್ಯಾಸಕರಾಗಿ ಆರಂಭಿಸಿ, ಹೂವಿನಹಡಗಲಿಯಲ್ಲಿ ಕಾಯಂ ಆಗಿ, ಕೊನೆಗೆ ಕೂಡ್ಲಿಗಿಗೆ ಬಂದು ನೆಲೆನಿಂತವರು ಅವರು. ಹಡಗಲಿಯಲ್ಲಿದ್ದಷ್ಟು ಕಾಲ ಸಂಜೆ ತಪ್ಪದೆ ಪತ್ನಿ ನಾಗಲಿಂಗಮ್ಮನವರಿಗೆ ಮಲ್ಲಿಗೆ ಒಯ್ಯುತ್ತಿದ್ದರು. ಸಹೋದ್ಯೋಗಿಗಳು ಕಾಲೆಳೆದರೆ, ಇದು ನೀತಿಶಾಸ್ತ್ರದ ಪ್ರಾಯೋಗಿಕ ಭಾಗ ಎಂದು ನಕ್ಕುಬಿಡುತ್ತಿದ್ದರು.

ಕೂಡ್ಲಿಗಿಯಲ್ಲಿ ಅವರಿಗೆ ಸಿಕ್ಕ ಶಿಷ್ಯ ಬೀರಲಿಂಗೇಶ್, ಕಾನಹೊಸಹಳ್ಳಿ ಕಡೆಯ ಕುರಿಗಾರರ ಹುಡುಗ. ಪರೀಕ್ಷೆ ಹತ್ತಿರ ಬಂದಾಗ ಅವನು ತಂದೆಯೊಡನೆ ಕುರಿ ಹಿಂದೆ ಹೋದದ್ದು ತಿಳಿದು, ಸರ್ ಬಸ್ಸು ಹಿಡಿದು ಹೊಲದ ನಡುವಿನ ಕುರಿರೊಪ್ಪಕ್ಕೇ ಹೋಗಿ ಪಾಠ ಹೇಳಿದರು. ಪಕ್ಕದಲ್ಲಿ ಕಂಬಳಿ ಹೊದ್ದು ಎಲ್ಲವನ್ನೂ ಕೇಳಿಸಿಕೊಂಡ ತಂದೆ ಬಂಗಾರಪ್ಪ, "ಇದೇನು ವಿದ್ಯೇರಿ ಸರ್?" ಎಂದರು.

"ಯಾವುದು ಸರಿ, ಯಾವುದು ತಪ್ಪು ಅಂತ ವಿಚಾರ ಮಾಡೋದು."

"ಅದಕ್ಕೂ ಪಗಾರ ಕೊಡ್ತಾರೇನ್ರಿ?"

ಆ ಮಾತನ್ನು ಸರ್ ಮುಂದೆ ಪ್ರತಿ ವರ್ಷವೂ ಹೊಸ ತರಗತಿಗೆ ಹೇಳಿ ತಾವೇ ಮೊದಲು ನಗುತ್ತಿದ್ದರು.

ವರ್ಷಗಳು ಕಳೆದ ಮೇಲೆ ಆ ಬಂಗಾರಪ್ಪ ಒಂದು ಬೆಳಿಗ್ಗೆ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಅಷ್ಟರಲ್ಲಿ ಮಗಳು ಶೃತಿ, ಹಗರಿಬೊಮ್ಮನಹಳ್ಳಿಯಲ್ಲಿ ತನ್ನೊಡನೆ ಕೆಲಸ ಮಾಡುವ, ಬೇರೆ ಜಾತಿಯ ಪ್ರವೀಣಕುಮಾರನನ್ನು ಮದುವೆಯಾಗುವ ಇಚ್ಛೆಯನ್ನು ತಂದೆಯ ಮುಂದೆ ಹೇಳಿಯಾಗಿತ್ತು. ವಿಚಾರ ಮಾಡುತ್ತೇನೆ ಎಂದಿದ್ದವರು ಉತ್ತರ ಕೊಡದೆಯೇ ಹೋದರು. ತಾಯಿ ಭರಮಮ್ಮ ಒಂದೇ ಪಟ್ಟು ಹಿಡಿದರು: "ನಿಮ್ಮಪ್ಪ ಹ್ಞೂಂ ಅನ್ನಲಾರದ ಮದಿವಿ ನಾ ಹೆಂಗ ಮಾಡ್ಲಿ?" ಮನೆಯಲ್ಲಿ ಅನ್ನ ಬೇಯುತ್ತಿತ್ತು, ಮಾತು ನಿಂತಿತ್ತು.

ಕೂಡ್ಲಿಗಿಯಲ್ಲಿ ವಿಡಿಯೊ ಸ್ಟುಡಿಯೊ ಇಟ್ಟಿದ್ದ ಬೀರಲಿಂಗೇಶನಿಗೆ ಉಪಾಯವೊಂದು ಹೊಳೆಯಿತು. ತಂದೆ ಫೋನಿನಲ್ಲಿ ಕಳಿಸಿದ್ದ ಹಳೆಯ ಧ್ವನಿ ಸಂದೇಶಗಳನ್ನೆಲ್ಲ ಎಐಗೆ ಉಣಿಸಿ, ಮದುವೆಗೆ ಒಪ್ಪಿಗೆ ಕೊಡುವ ಮಾತುಗಳನ್ನು ಅದರಿಂದಲೇ ಬರೆಸಿ, ಅಪ್ಪನ ದನಿಯಲ್ಲೇ ನುಡಿಸಿದ. ಹಳೆಯ ಫೋನಿನಲ್ಲಿ ಸಿಕ್ಕಿತು ಎಂದು ಹೇಳಿ ತಾಯಿಗೆ ಕೇಳಿಸಿದ. ಭರಮಮ್ಮ ಕೇಳಿದರು, ಮತ್ತೆ ಕೇಳಿದರು, ಹಿರಿಯರ ಹಬ್ಬ ಆಗಲಿ ಎಂದಷ್ಟೇ ಹೇಳಿ ಒಳಗೆ ಹೋದರು.

ಶೃತಿ ಸೀರೆಯ ಬಣ್ಣ ಯೋಚಿಸತೊಡಗಿದಳು. ಅಣ್ಣ ಮಾತ್ರ ನೇರ ಸರ್ ಮನೆಗೆ ಬಂದ.

"ಒಳ್ಳೇದಾಗಲಿ ಅಂತ ಮಾಡೀನಿ ಸರ್. ಅಪ್ಪ ಇದ್ದಿದ್ರ ಒಪ್ಪತಿದ್ದ."

"ಒಲ್ಲೆ ಅಂತಲೂ ಅನ್ನಬಹುದಿತ್ತಲ್ಲೋ. ಆ ಹಕ್ಕು ನೀ ಕಸಗೊಂಡಿ. ನಿಮ್ಮವ್ವಂದೂ ಕಸಗೊಂಡಿ."

ಹಾಗೆಂದರೇ ಹೊರತು ಹಾಲಸ್ವಾಮಿಯವರಿಗೂ ನೆಮ್ಮದಿ ಇರಲಿಲ್ಲ. ನಿಜ ಹೇಳಿಸಿದರೆ ಒಂದು ಹೆಣ್ಣುಮಗಳ ಬಾಳು ಕೆಡಬಹುದು; ಸುಮ್ಮನಿದ್ದರೆ ಸತ್ತವರ ಬಾಯಲ್ಲಿ ಸುಳ್ಳು ಉಳಿಯುತ್ತದೆ. ಇಷ್ಟು ವರ್ಷ ಕರಿಹಲಗೆಯ ಮೇಲೆ ಇಂಥ ಇಕ್ಕಟ್ಟುಗಳನ್ನು ಬರೆದು ಅಳಿಸಿದ ಕೈ ಅಂದು ತಟ್ಟೆಯ ಮುಂದೆ ಸುಮ್ಮನೆ ಕುಳಿತಿತ್ತೆಂದು ನಾಗಲಿಂಗಮ್ಮನವರು ನೆನೆಯುತ್ತಾರೆ. ಕೊನೆಗೆ, "ನೀನಾ ಹೇಳು. ನಾನೂ ಬರ್ತೀನಿ" ಎಂದರು.

ಹಿರಿಯರ ಹಬ್ಬದ ಅಮಾವಾಸ್ಯೆಯ ದಿನ ಬಂಗಾರಪ್ಪನ ಪಟದ ಮುಂದೆ ಹೊಸ ಧೋತರ, ಹೋಳಿಗೆ, ರೊಟ್ಟಿ, ಪುಂಡಿಪಲ್ಯ, ಎಲೆಅಡಿಕೆ ಎಲ್ಲ ಎಡೆಯಾಗಿತ್ತು. ಹಿರಿಯರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಮುಂದಕ್ಕೆಳೆದು ಮನೆಯವರೆಲ್ಲ ಸರ್ ಜೊತೆ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಅಲ್ಲಿ ಬೀರಲಿಂಗೇಶ್ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

"ನಂಗ ಗೊತ್ತೈತಪ್ಪ" ಎಂದರು ಭರಮಮ್ಮ. "ನಿಮ್ಮಪ್ಪ ಒಂದಿನಾನೂ ನನ್ನ ಹೆಸರು ಹಿಡದು ಕರದಿಲ್ಲ. ಬೀರನವ್ವಾ ಅಂತಿದ್ದ. ಫೋನಿನಾಗ ಭರಮಮ್ಮ ಅಂದ ಕೂಡ್ಲೆ ಅವ ಅಲ್ಲ ಅಂತ ತಿಳೀತು."

"ಮತ್ತ ಯಾಕ ಸುಮ್ಮನಿದ್ದಿ ಬೇ?"

"ದನಿ ಅವಂದಾ ಇತ್ತಲ್ಲ. ಇನ್ನೊಂದೀಟು ಕೇಳೂಣು ಅನಸ್ತು."

ಹಾಲಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನಿಜಕ್ಕೂ ಅಳು ಬಂದಿತ್ತು. ಭರಮಮ್ಮ ಅವರತ್ತ ತಿರುಗಿದರು.

"ಎಡಿ ಇಟ್ಟು ಬಾಗಲಾ ಹಾಕೀವ್ರಿ ಸರ್. ಉಂಡನೋ ಇಲ್ಲೋ ಅಂತ ಹಣಿಕಿ ಹಾಕಂಗಿಲ್ಲ. ಒಲ್ಲೆ ಅಂದನೋ ಹ್ಞೂಂ ಅಂದನೋ ನಂಗೇನು ತಿಳೀತೈತ್ರಿ?"

"ಅವರ ಮಾತು ಅವರ ಕೂಡ ಹೋತು ತಾಯಿ. ಈಗ ಉಳಿದದ್ದು ನಿಮ್ಮ ಮಾತು. ಬೇಕಂದ್ರ ಒಲ್ಲೆ ಅನ್ರಿ. ಆದ್ರ ಅದು ನಿಮ್ಮದಾಗಿರಲಿ."

ಭರಮಮ್ಮ ಎದ್ದು, ಒಳಗಿರುವ ಹಿರಿಯರಿಗೆ ತಿಳಿಯಲೆಂದು ಕೆಮ್ಮಿ, ಚಿಲಕ ಸಪ್ಪಳ ಮಾಡಿ ಬಾಗಿಲು ತೆಗೆದರು. ಮಗಳ ಕೈ ಹಿಡಿದು ಪಟದ ಮುಂದೆ ನಿಂತು, "ಶೃತಿ ಮದಿವಿ ಮಾಡಾಕತ್ತೀನಿ ನೋಡು. ನಿನ್ನ ಕೇಳಾಕತ್ತಿಲ್ಲ, ಹೇಳಾಕತ್ತೀನಿ" ಎಂದರು.

ಯಂತ್ರ ಕಟ್ಟಿದ ದನಿಯನ್ನು ಬೀರಲಿಂಗೇಶ್ ಅಂದೇ ಅಳಿಸಿದ. ನಾಯಿಗೆ ಅಂಬಲಿ ಹಾಕೆಂದು ಬಂಗಾರಪ್ಪನವರೇ ಕಳಿಸಿದ್ದ ಹಳೆಯ ಸಂದೇಶವನ್ನು ಭರಮಮ್ಮ ಈಗಲೂ ಕೇಳುತ್ತಾರೆ.

ಈ ಬೀಳ್ಕೊಡುಗೆಯ ಸಿದ್ಧತೆ ನಡೆದಾಗ ಕೆಲವು ಶಿಷ್ಯರು, ಸರ್ ಅವರ ಪಾಠಗಳ ಧ್ವನಿಮುದ್ರಣದಿಂದ ಎಂದೆಂದಿಗೂ ಉತ್ತರ ಕೊಡುವ ಒಬ್ಬ ಹಾಲಸ್ವಾಮಿಯನ್ನು ಮೊಬೈಲಿನಲ್ಲಿ ಸೃಷ್ಟಿಸೋಣವೆಂದು ಉತ್ಸಾಹದಿಂದ ಹೊರಟರು. ಸರ್ ಕೈ ಮುಗಿದರು. "ಬ್ಯಾಡ್ರಪ್ಪಾ. ನಾ ಇರೋತನಕ ಬಾಗಲಾ ತೆರದಿರ್ತೈತಿ, ಬರ್ರಿ, ಜಗಳ ಆಡೂಣು. ಹಾಕಿದ ಮ್ಯಾಲೆ ನೀವು ನೀವಾ ಮಾತಾಡ್ಕೊಳ್ರಿ."

ಆ ಬಾಗಿಲು ಇನ್ನೂ ಬಹುಕಾಲ ತೆರೆದಿರಲಿ. ನಾಗಲಿಂಗಮ್ಮನವರ ಮುಡಿಗೆ ಮಲ್ಲಿಗೆ ತಪ್ಪದಿರಲಿ. ಸರ್ ಅರ್ಧಕ್ಕೆ ಬಿಟ್ಟಿರುವ ತರ್ಕಶಾಸ್ತ್ರದ ಪುಸ್ತಕ ಮುಗಿಯಲಿ. ನಾವಂತೂ ಜಗಳಕ್ಕೆ ಹೊರಟಿದ್ದೇವೆ ಸರ್, ಚಹಾಕ್ಕೆ ಇಡಲು ಹೇಳಿರಿ.