ಅಪ್ಪ ಕಲಿಸದೆ ಬಿಟ್ಟ ವಿಷಯ

ಬನಹಟ್ಟಿಯ ನಮ್ಮ ಓಣಿಯಲ್ಲಿ ಹುಟ್ಟಿ ಬೆಳೆದವರೆಲ್ಲ ಜೋರಾಗಿಯೇ ಮಾತಾಡುತ್ತಾರೆ. ಮನೆಮನೆಯಲ್ಲೂ ಪವರ್‌ಲೂಮ್. ಆ ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಕೂಗಲೇಬೇಕು. ಹೊರಗಿನವರು ನಮ್ಮನ್ನು ಜಗಳಗಂಟರು ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಇದನ್ನು ಬರೆಯುತ್ತಿರುವುದೂ ಸಿಟ್ಟಿನಿಂದಲೇ.

ಏಳನೇ ಇಯತ್ತೆಯ ನಡುವರ್ಷದಲ್ಲಿ ನನ್ನ ಶಾಲೆ ನಿಂತಿತು. ನಾನು ಬಿಡಲಿಲ್ಲ, ಅಪ್ಪ ಬಿಡಿಸಿದ. ಅಪ್ಪ ಒಂದು ಕಾಲಕ್ಕೆ ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದವನು. ಅಲ್ಲಿಯ ಆಡಳಿತದವರ ಜೊತೆ ಜಗಳವಾಡಿ ಕೆಲಸ ಬಿಟ್ಟು, ಅಜ್ಜನ ಮಗ್ಗಗಳಿಗೇ ವಾಪಸು ಬಂದಿದ್ದ. ಮಗ್ಗ ನಡೆಸಿದನೇ ಹೊರತು ಮಾಸ್ತರಿಕೆ ಅವನನ್ನು ಬಿಡಲಿಲ್ಲ. ಒಂದು ದಿನ ನನ್ನ ಶಾಲೆಗೆ ಏನೋ ಕೇಳಲು ಬಂದವನು ನಮ್ಮ ವರ್ಗದ ಬಾಗಿಲಲ್ಲಿ ನಿಂತು ಹಲಗೆಯನ್ನು ನೋಡಿದ. ಭಿನ್ನರಾಶಿಯ ಲೆಕ್ಕವೊಂದು ತಪ್ಪಾಗಿತ್ತು. ಸುಮ್ಮನೆ ಹೋಗುವುದು ಅವನ ಜಾಯಮಾನವಲ್ಲ. ಒಳಗೆ ಬಂದು, ಮಕ್ಕಳೆದುರೇ ಅದನ್ನು ಅಳಿಸಿ ಸರಿಯಾಗಿ ಬರೆದ. ಗದ್ದಲ ಕೇಳಿ ಹೆಡ್‌ಮಾಸ್ತರರು ಬಂದರು.

"ಅಷ್ಟ ಶಾಣ್ಯಾ ಇದ್ರ ನಿಮ್ಮ ಮಗಳ್ನ ಮನ್ಯಾಗ ಕಲಸ್ಕೋರಿ. ನಮ್ಮ ಸಾಲಿ ಯಾಕ ಬೇಕು?" ಅಂದರು.

"ಕಲಸ್ತೀನಿ. ನೋಡೀರಂತ," ಅಂದು ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿದ.

ಗೆಳತಿಯರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ನನಗೆ ಆಗ ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಹೆಡ್‌ಮಾಸ್ತರರಿಗೆ ಎದುರು ಮಾತಾಡುವ ಅಪ್ಪ ಬೇರೆ ಯಾರಿಗಿದ್ದ?

ಹಾಗೆ ನಮ್ಮ ಮನೆಯ ಶಾಲೆ ಶುರುವಾಯಿತು. ಅದಕ್ಕೆ ವೇಳಾಪಟ್ಟಿ ಕರೆಂಟಿನದು. ಕರೆಂಟು ಇದ್ದಾಗ ಮಗ್ಗ ನಡೆಯುತ್ತಿತ್ತು, ಹೋದಾಗ ಪಾಠ. ಮಗ್ಗ ನಿಂತ ಕೂಡಲೇ ಅಪ್ಪ ಕೈಯೊರೆಸಿಕೊಂಡು "ಬಾ ತಂಗಿ, ಪಾಟಿ ತಗೊ" ಅನ್ನುತ್ತಿದ್ದ. ಬೇಸಿಗೆಯಲ್ಲಿ ಕರೆಂಟು ತಾಸುಗಟ್ಟಲೆ ಹೋಗುತ್ತಿದ್ದುದರಿಂದ ನನ್ನ ಬೀಜಗಣಿತವೆಲ್ಲ ಬೇಸಿಗೆಯಲ್ಲೇ ಆಯಿತು. ಸಮೀಕರಣ ಅರ್ಧ ಬಿಡಿಸಿರುವಾಗ ಕರೆಂಟು ಬಂದರೆ ಉಳಿದರ್ಧ ನನ್ನ ಪಾಲಿಗೆ. ಅವ್ವ ಮೂಲೆಯಲ್ಲಿ ಕುಳಿತು ಮಗ್ಗದ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕನೇ ಇಯತ್ತೆಯೂ ಮುಗಿಸದ ಅವಳಿಗೆ ಎರಡು ವರ್ಷದಲ್ಲಿ ಪೈಥಾಗೊರಸನ ಪ್ರಮೇಯ ಬಾಯಿಪಾಠವಾಗಿತ್ತು.

ಅಪ್ಪ ಕಲಿಸಿದ್ದು ಚೆನ್ನಾಗಿಯೇ ಕಲಿಸಿದ. ಗಣಿತ, ಕನ್ನಡ ವ್ಯಾಕರಣ, ಇಂಗ್ಲಿಷು, ಇತಿಹಾಸ ಎಲ್ಲ ಹೇಳಿಕೊಟ್ಟ. ಊರ ಗ್ರಂಥಾಲಯದಿಂದ ತನ್ನ ಹೆಸರಿನ ಮೇಲೆ ಪುಸ್ತಕ ತಂದುಕೊಡುತ್ತಿದ್ದ. ಒಮ್ಮೆ ಜಮಖಂಡಿಗೆ, ಅಲ್ಲಿಂದ ಚಿಕ್ಕಪಡಸಲಗಿಗೆ ಕರೆದುಕೊಂಡು ಹೋಗಿ ಕೃಷ್ಣೆಗೆ ರೈತರೇ ಕಟ್ಟಿದ ಬ್ಯಾರೇಜು ತೋರಿಸಿದ. "ಸರಕಾರ ಬಂದ ಕಟ್ಟೀತಂತ ಇವ್ರ ದಾರಿ ಕಾಯ್ಲಿಲ್ಲ. ತಾವ ನಿಂತ ಕಟ್ಟಿದ್ರು. ನಾವೂ ಹಂಗ," ಅಂದ. ಗೋಡೆ ಕೆಳಗೆ ಯಾಕೆ ದಪ್ಪ, ಮೇಲೆ ಯಾಕೆ ತೆಳ್ಳಗೆ ಅಂತ ಕೇಳಿದೆ. "ಅದೆಲ್ಲಾ ಮುಂದ ಹೇಳ್ತೀನಿ" ಅಂದು ಶೇಂಗಾದ ಪುಡಿಕೆ ಬಿಚ್ಚಿದ.

ಆ "ಮುಂದ" ಬರಲೇ ಇಲ್ಲ. ವಿಜ್ಞಾನ ಅಪ್ಪನಿಗೆ ಬರುತ್ತಿರಲಿಲ್ಲ, ಬರುವುದಿಲ್ಲವೆಂದು ಹೇಳುವ ಬಾಯಿಯೂ ಅವನಿಗಿರಲಿಲ್ಲ. ಸಾಮಾನು ಸರಂಜಾಮು ಇಲ್ಲದೆ ವಿಜ್ಞಾನ ಕಲಿಸಬಾರದು ಅನ್ನುತ್ತಿದ್ದ. ನಾನು ನಂಬಿದ್ದೆ.

ಮನೆಗೆ ಬಂದವರ ಮುಂದೆ ನನ್ನನ್ನು ಕೂರಿಸಿ ಪ್ರಶ್ನೆ ಕೇಳಿಸುವುದು ಅಪ್ಪನಿಗೆ ಚಹಾ ಕೊಟ್ಟಷ್ಟೇ ಸಹಜವಾಗಿತ್ತು. ನೂಲಿನ ವ್ಯಾಪಾರಿ ಬರಲಿ, ಬೀಗರು ಬರಲಿ, ನಾನು ವರ್ಗಮೂಲ ಹೇಳಬೇಕು. "ಮಾಸ್ತರ ಮಗಳು ಮನ್ಯಾಗ ಎಂ.ಎ. ಮಾಡಾಕತ್ತಾಳ" ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಅಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದ. ಪಕ್ಕದ ಮನೆಯ ಗೆಳತಿ ಮಾತ್ರ ಸಂಜೆಗೆ ನೋಟುಬುಕ್ಕು ಹಿಡಿದು ಬಂದು, "ಈ ಲೆಕ್ಕ ಮಾಡಿಕೊಡ ಲೇ" ಎಂದು ಕೂರುತ್ತಿದ್ದಳು. ಮೂರು ವರ್ಷ ಅವಳ ಗಣಿತವನ್ನು ನಾನೇ ಮಾಡಿದೆ, ಅವಳಿಗೆ ತಿಳಿಸಿಯೂ ಕೊಟ್ಟೆ. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಫಸ್ಟ್ ಕ್ಲಾಸ್ ಬಂತು. ಈಗ ಬೀಳಗಿಯ ಕಡೆ, ಅಣೆಕಟ್ಟಿನ ಹಿನ್ನೀರಿಗೆ ಮುಳುಗಿದ ಊರಿನವರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಟೀಚರು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಬರೆಯಲು ಹೊರಟಿದ್ದೆ. ಇದೆ.

ನನ್ನ ಆಸೆ ಬೇರೆಯೇ ಇತ್ತು. ಮಗ್ಗದ ಮನೆಯಲ್ಲಿ ಬೆಳೆದವಳಿಗೆ ಸೀರೆಯ ಅಂಚು, ಸೆರಗು ಕಣ್ಣಲ್ಲೇ ಇರುತ್ತವೆ. ಗ್ರಾಫ್ ಹಾಳೆಯ ಒಂದೊಂದು ಚೌಕ ತುಂಬುತ್ತಾ ನಾನು ಅಂಚಿನ ನಕ್ಷೆ ಹಾಕುತ್ತಿದ್ದೆ. ಯಾವ ಎಳೆ ಏಳಬೇಕು, ಯಾವುದು ಕೆಳಗುಳಿಯಬೇಕು ಅನ್ನುವುದೆಲ್ಲ ಆ ಚೌಕಗಳಲ್ಲೇ ತೀರ್ಮಾನವಾಗಬೇಕು. ಅಪ್ಪನ ಗಣಿತ ಅಲ್ಲಿ ನಿಜಕ್ಕೂ ಕೆಲಸಕ್ಕೆ ಬಂತು. ಹದಿನಾರನೇ ವಯಸ್ಸಿನಲ್ಲಿ ಹಾಕಿದ ಒಂದು ನಕ್ಷೆಯನ್ನು ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಮಾಸ್ತರ್ರ, ಈ ಹುಡುಗೀನ ಡಿಪ್ಲೊಮಾಕ್ಕ ಹಾಕ್ರಿ. ನೇಯ್ಗಿ ಡಿಜೈನಿನ ಕೋರ್ಸ ಐತಿ. ನನಗ ಅಲ್ಲಿ ಗುರ್ತಿನವ್ರ ಅದಾರ. ಹತ್ತನೇತ್ತ ಒಂದ ಪಾಸಾಗಿರಬೇಕ ನೋಡ್ರಿ, ಮತ್ತೇನಿಲ್ಲ," ಅಂದರು.

ಆ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನಗೆ ಬರುವ ಕೆಲಸಕ್ಕೊಂದು ಕಾಲೇಜು ಇದೆ, ಅದಕ್ಕೂ ನನಗೂ ನಡುವೆ ಇರುವುದು ಒಂದೇ ಪರೀಕ್ಷೆ. ಹೊರಗಿನಿಂದ ಪರೀಕ್ಷೆಗೆ ಕೂರಬಹುದು ಎಂದು ಗೆಳತಿ ಕೇಳಿಕೊಂಡು ಬಂದು ಹೇಳಿದಳು. ಅದಕ್ಕೆ ಶಾಲೆ ಬಿಟ್ಟ ದಾಖಲಾ ಬೇಕು. ಆ ಕಾಗದವನ್ನು ಅಪ್ಪ ಅವತ್ತಿನ ರೋಷದಲ್ಲಿ ಇಸಿದುಕೊಂಡೇ ಇರಲಿಲ್ಲ.

"ಹೋಗಿ ಇಸ್ಕೊಂಡ ಬರ್ರಿ. ತಲಿ ಏನ ಹೋಗೂದಿಲ್ಲ," ಅಂದಳು ಅವ್ವ.

ಅಪ್ಪ ಹಳೆಯ ಪ್ರಶ್ನೆಪತ್ರಿಕೆಗಳನ್ನು ತಂದ. "ಮೊದಲ ಮನ್ಯಾಗ ಬರಿ, ನೋಡೂಣು" ಅಂದ. ಆರು ದಿನ, ದಿನಕ್ಕೊಂದು ವಿಷಯ, ಗಡಿಯಾರ ಮುಂದಿಟ್ಟುಕೊಂಡು ಬರೆದೆ. ವಿಜ್ಞಾನದ ದಿನ ಹೂವಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂತಿತ್ತು. ನನಗೆ ಗೊತ್ತಿದ್ದ ಹೂವು ಅಂಚಿನ ಹೂವು. ಎರಡೂ ಬದಿ ಸಮವಾಗಿ, ಒಂದೆಳೆ ಆಚೀಚೆಯಾಗದಂತೆ ಬರೆದೆ. ಭಾಗಗಳೆಂದರೆ ಎಸಳು, ದೇಟು, ಕುಡಿ ಎಂದು ಬರೆದೆ. ಉಳಿದ ಪ್ರಶ್ನೆಗಳಲ್ಲಿ ಅರ್ಧ ಏನು ಕೇಳುತ್ತಿವೆ ಅನ್ನುವುದೇ ತಿಳಿಯಲಿಲ್ಲ. ಅಪ್ಪ ಹಾಳೆಗಳನ್ನು ಓದಿ ಮಡಿಚಿ ಒಳಗಿಟ್ಟ. ಎಷ್ಟು ಬಂತೆಂದು ಕೇಳಿದರೆ, "ಛಲೋ ಬರದಿ" ಅಂದ.

ಮರುವಾರ ಒಂದು ಸಂಜೆ ಹೊರಗಿನಿಂದ ಬಂದವನು ಕಾಲು ತೊಳೆಯುತ್ತಾ ಹೇಳಿದ: "ಆ ಹೆಡ್‌ಮಾಸ್ತರ ದಾಖಲಾ ಕೊಡವಲ್ಲ. ಹಳೇ ಹಗಿ ತೀರಸಾಕತ್ತಾನ."

ನಾನು ಊಟ ಬಿಟ್ಟು ಅತ್ತೆ. ಆ ಹೆಡ್‌ಮಾಸ್ತರರಿಗೆ ಹಾಕಿದ ಶಾಪ ಒಂದೆರಡಲ್ಲ. ಬಜಾರದಲ್ಲಿ ಎದುರಾದರೆ ಮುಖ ತಿರುಗಿಸಿ ನೆಲಕ್ಕೆ ಉಗುಳುತ್ತಿದ್ದೆ. ಅವರು ಒಮ್ಮೆ ನಿಂತು ಏನೋ ಕೇಳಲು ನೋಡಿದರು, ನಾನು ಕೇಳಿಸದವಳ ಹಾಗೆ ನಡೆದೆ. ಮರುವರ್ಷ ಅಪ್ಪ ಮತ್ತೆ ಅದೇ ಮಾತು ಹೇಳಿದ. ಅದರ ಮರುವರ್ಷ ನಾನು ಕೇಳುವುದನ್ನು ಬಿಟ್ಟೆ. ಹತ್ತೊಂಬತ್ತಕ್ಕೆ ಮುಧೋಳಕ್ಕೆ ಮದುವೆ ಮಾಡಿಕೊಟ್ಟರು. ಗಂಡಿನ ಕಡೆಯವರು ಎಷ್ಟು ಓದಿದ್ದಾಳೆ ಎಂದು ಕೇಳಿದಾಗ ಅಪ್ಪ, "ಲೆಕ್ಕಕ್ಕಿಲ್ಲದಷ್ಟು ಓದ್ಯಾಳ್ರೀ" ಅಂದ. ಅವರು ನಕ್ಕು ಆರನೇತ್ತ ಅಂತ ಬರೆದುಕೊಂಡರು.

ಗಂಡ ಒಳ್ಳೆಯವನು, ಕಚೇರಿಯಲ್ಲಿ ಗುಮಾಸ್ತ. ನನಗೆ ಇಪ್ಪತ್ತಾರು ತುಂಬಿದ ವರ್ಷ, ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸದ ಮುಂದೆ ಏನು ಬರೆಯಲಿ ಎಂದು ಅವನು ಪೆನ್ನು ಹಿಡಿದು ನನ್ನ ಮುಖ ನೋಡಿದ. ಆ ವಾರವೇ ತವರಿಗೆ ಹೋಗಿ, ಯಾರಿಗೂ ಹೇಳದೆ ಹಳೆಯ ಶಾಲೆಗೆ ನಡೆದೆ. ಆ ಹೆಡ್‌ಮಾಸ್ತರರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಈಗಿನವರಾದರೂ ಕೊಟ್ಟಾರು ಎಂಬ ಆಸೆ ನನ್ನದು. ಕ್ಲಾರ್ಕು ಹಳೆಯ ರಿಜಿಸ್ಟರುಗಳ ಧೂಳು ಹೊಡೆದು ಹುಡುಕಿದರು.

"ಇದ ಕೊಟ್ಟಾಗೇತಲ್ಲವಾ. ನಿಮ್ಮಪ್ಪಾರು ಬಂದ ಒಯ್ದಾರ. ಇಲ್ಲಿ ನೋಡು ಸಹಿ."

ಅಪ್ಪನ ಸಹಿಯೇ. ಪಕ್ಕದಲ್ಲಿದ್ದ ತಾರೀಖು, ನಾನು ಮನೆಯಲ್ಲಿ ಆ ಆರು ಪತ್ರಿಕೆ ಬರೆಯುವುದಕ್ಕೂ ಎರಡು ದಿನ ಮುಂಚಿನದು.

ಶಾಲೆಯಿಂದ ಮನೆಗೆ ಐದು ನಿಮಿಷದ ದಾರಿ. ಹೇಗೆ ಬಂದೆನೋ ತಿಳಿಯದು. ಅಪ್ಪ ಒಂದು ಮಗ್ಗ ನಿಲ್ಲಿಸಿ ತುಂಡಾದ ಎಳೆ ಗಂಟು ಹಾಕುತ್ತಿದ್ದ, ಉಳಿದವು ನಡೆದಿದ್ದವು. ನಾನೇ ಹೋಗಿ ಸ್ವಿಚ್ಚು ತೆಗೆದೆ. ಮನೆ ಒಮ್ಮೆಲೇ ಮೌನವಾದದ್ದಕ್ಕೆ ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು.

"ದಾಖಲಾ ಎಲ್ಲೈತಿ?" ಅಂದೆ.

ಅಪ್ಪ ಸುಳ್ಳು ಹೇಳಲಿಲ್ಲ. ಬಹುಶಃ ಸಹಿ ನೋಡಿಯೇ ಬಂದಿದ್ದೇನೆ ಎಂದು ನನ್ನ ಮುಖದಿಂದ ತಿಳಿದಿರಬೇಕು. ಟ್ರಂಕು ತೆಗೆದು, ತಳದಲ್ಲಿದ್ದ ಕಾಗದ ತಂದು ಕೈಗಿಟ್ಟ.

"ಹೆಡ್‌ಮಾಸ್ತರ ಒಂದ ಮಾತ ಅನಲಾರದ ಕೊಟ್ಟಿದ್ರು. ಆಮ್ಯಾಲ ನಿನ್ನ ಸೈನ್ಸ್ ಪೇಪರ ನೋಡಿದ್ನಿ. ಖರೆ ಹೇಳ್ತೀನಿ ತಂಗಿ, ನೀ ಫೇಲ್ ಆಗತಿದ್ದಿ. ಫೇಲ್ ಆಗಿದ್ರ ಮಂದಿ ನಿನಗ ಅಂತಿದ್ದಿಲ್ಲ. ನನಗ ಅಂತಿದ್ರು."

"ಫೇಲ್ ಆಗಿದ್ರ ಮತ್ತ ಕಟ್ಟತಿದ್ನಿ," ಅಂದೆ. "ಮಾಸ್ತರ ಅಲ್ಲಾ ನೀನು? ಫೇಲ್ ಆದ ಹುಡುಗರು ಮತ್ತ ಕಟ್ಟೂದು ನೀ ನೋಡೇ ಇಲ್ಲೇನ?"

ಅಪ್ಪ ತಲೆ ತಗ್ಗಿಸಿ ಕೈಯಲ್ಲಿದ್ದ ನೂಲಿನ ಚೂರನ್ನು ಹೊಸೆಯುತ್ತಾ ನಿಂತ. ವಯಸ್ಸಾಗಿತ್ತು ಅವನಿಗೆ. ಕನಿಕರ ಬರಬೇಕಿತ್ತು, ಬರಲಿಲ್ಲ. ಬಾಯಿ ಮುಚ್ಚಿಕೊಂಡು ಶಾಪ ತಿಂದ ಆ ಹೆಡ್‌ಮಾಸ್ತರರು ಮಾತ್ರ ಕಣ್ಣ ಮುಂದೆ ಬಂದರು. ವಿಚಾರಿಸಿದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಮುಧೋಳಕ್ಕೆ ವಾಪಸು ಬಂದು ಪರೀಕ್ಷೆ ಕಟ್ಟಿದೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹೈಸ್ಕೂಲ್ ಟೀಚರಮ್ಮ, ಅಡಿಗೆ ಮುಗಿಸಿದ ಮೇಲೆ ದಿನಕ್ಕೊಂದು ತಾಸು ವಿಜ್ಞಾನ ಹೇಳಿಕೊಟ್ಟರು. ಪುಷ್ಪಪಾತ್ರೆ, ಕೇಸರ, ಅಂಡಾಶಯ ಎಲ್ಲ ಕಲಿತೆ. ಕಷ್ಟವೇನೂ ಇರಲಿಲ್ಲ. ಮುಂದೆ ಬಂದ ಬೇಸಿಗೆಯ ಪರೀಕ್ಷೆಯಲ್ಲೇ ಪಾಸಾದೆ. ಡಿಪ್ಲೊಮಾ ಕಾಲೇಜಿಗೆ ಗಂಡ ಫೋನು ಮಾಡಿ ಕೇಳಿದ. ಅಷ್ಟು ವಯಸ್ಸಾದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವರು ಮರ್ಯಾದೆಯಿಂದಲೇ ಹೇಳಿದರು.

ಅಂಕಪಟ್ಟಿ ಬಂದ ದಿನ ಅವ್ವನ ಫೋನು ಬಂತು. ಹಿಂದೆ ಮಗ್ಗದ ಸದ್ದಿರಲಿಲ್ಲ, ಅಪ್ಪ ಪಕ್ಕದಲ್ಲೇ ನಿಂತಿರಬೇಕು.

"ನಿಮ್ಮಪ್ಪ ಕೇಳಾಕತ್ತಾರ, ಸೈನ್ಸದಾಗ ಎಷ್ಟ ಬಿದ್ದಾವಂತ."

"ಎಲ್ಲಾಕಿಂತ ಅದರಾಗ ಹೆಚ್ಚ ಬಿದ್ದಾವಂತ ಹೇಳು. ನಾಕ ತಿಂಗಳದಾಗ ಕಲತಾಳಂತನೂ ಹೇಳು."

ಅವ್ವ ದನಿ ತಗ್ಗಿಸಿ, "ಎರಡನೇದ್ದು ನಾ ಹೇಳಂಗಿಲ್ಲವಾ. ಹಿರ್ಯಾ ಮನಷ್ಯಾ, ಎದಿ ಒಡಕೊಂಡಾರು," ಅಂದಳು.

"ಹೇಳ ಬೇ," ಅಂದೆ.