‘ಬರ್ತೀನಿ’ ಎಂದು ಇಳಿದದ್ದು

ಈ ಸಂಗತಿಯನ್ನು ನಾನು ಆರೇಳು ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ಹೋದ ಚಳಿಗಾಲದಲ್ಲಿ ದಿಲ್ಲಿಯ ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ, ಭಾನುವಾರದ ಊಟಕ್ಕೆ ಸೇರಿದ್ದ ಕನ್ನಡದವರ ಮೇಜಿನಲ್ಲಿ ಹೇಳಿದಾಗ, ಎಲ್ಲರೂ ಬಿದ್ದುಬಿದ್ದು ನಕ್ಕರು. ನನ್ನ ಮಗಳೊಬ್ಬಳೇ ನಗಲಿಲ್ಲ. ತಟ್ಟೆಯಲ್ಲಿದ್ದ ಹಪ್ಪಳವನ್ನು ಪುಡಿ ಮಾಡುತ್ತ ಕೂತಿದ್ದಳು. ನಗುವಿಗಾಗಿ ನಾನು ಏನನ್ನೋ ಬಿಟ್ಟು ಹೇಳುತ್ತಿದ್ದೇನೆ ಎಂದು ಅವತ್ತು ಅನ್ನಿಸಿತು. ಅದನ್ನೂ ಸೇರಿಸಿ ಬರೆಯಲು ನೋಡುತ್ತೇನೆ.

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯ ನೌಕರ. ನಿವೃತ್ತಿಗೆ ಇನ್ನೆರಡು ವರ್ಷ. ಮಗಳಿಗೆ ಇಪ್ಪತ್ತಾರು, ಗುರುಗ್ರಾಮದಲ್ಲಿ ಕೆಲಸ, ಅಲ್ಲೇ ಹದಿನೇಳನೆಯ ಮಹಡಿಯಲ್ಲಿ ಗೆಳತಿಯರೊಂದಿಗೆ ವಾಸ. ಬೆಟ್ಟದ ಹುಚ್ಚು ಅವಳದು. ಹಿಮಾಚಲದಲ್ಲಿ ಏಳು ದಿನ ನಡೆದು ಹತ್ತಬೇಕಾದ ಒಂದು ಹಿಮಶಿಖರವಿದೆ. ಅದರ ಅರ್ಧದಿಂದ ಅವಳು ಎರಡು ಸಲ ವಾಪಸ್ಸು ಬಂದಿದ್ದಳು, ಒಮ್ಮೆ ಹಿಮಗಾಳಿಗೆ, ಒಮ್ಮೆ ಜ್ವರಕ್ಕೆ. ಮೂರನೆಯ ಸಲ ತುದಿ ಮುಟ್ಟಲೇಬೇಕೆಂದು ಎಂಟು ತಿಂಗಳು ಲಿಫ್ಟ್ ಹತ್ತದೆ ಹದಿನೇಳು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿದಳು.

ನಾನು ಹೇಗೆ ಸೇರಿಕೊಂಡೆ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ‘ನೀವೂ ಬನ್ನಿ ಅಪ್ಪಾ’ ಎಂದು ಅವಳು ಕರೆದಳು ಎನ್ನುವುದು ನನ್ನ ನೆನಪು. ‘ನಾನೂ ಬರಲಾ’ ಎಂದು ನಾನೇ ಕೇಳಿದೆ, ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಸರಿ ಎಂದಳು ಎನ್ನುತ್ತಾಳೆ ಹೆಂಡತಿ. ಆ ‘ಸ್ವಲ್ಪ ಹೊತ್ತು’ ನನಗೆ ನೆನಪಿಲ್ಲ.

ಪೀತಮ್‌ಪುರದ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ಬೆನ್ನಿಗೆ ನೀರಿನ ಬಾಟಲಿಗಳ ಚೀಲ ಹೊತ್ತು ಸುತ್ತತೊಡಗಿದೆ. ಎದುರು ಮನೆಯ ಪಂಜಾಬಿ ಮುದುಕರು ಬೆಂಚಿನಿಂದಲೇ ಕೂಗುತ್ತಿದ್ದರು: “ಭಾಯಿಸಾಹೇಬ್, ಭಾಭೀಜಿ ನೇ ಘರ್ ಸೇ ನಿಕಾಲ್ ದಿಯಾ ಕ್ಯಾ?” ಹೆಂಡತಿ ಮನೆಯಿಂದ ಓಡಿಸಿದಳಾ ಎಂದು. ನಾನು ನಕ್ಕು ಇನ್ನೊಂದು ಸುತ್ತು ಹಾಕುತ್ತಿದ್ದೆ.

ಚಾರಣದ ಮೊದಲ ದಿನಗಳ ಬಗ್ಗೆ ನನ್ನನ್ನು ನಂಬಬೇಡಿ. ಎರಡನೆಯ ದಿನ ದಾರಿಯುದ್ದಕ್ಕೂ ಕೆಂಪು ಹೂಗಳಿದ್ದವು ಎಂದು ಎಲ್ಲರಿಗೂ ಹೇಳಿದ್ದೇನೆ. ಮಗಳ ಫೋನಿನಲ್ಲಿರುವ ಆ ದಿನದ ಅರವತ್ತು ಚಿತ್ರಗಳಲ್ಲಿ ಬರೀ ಕಂದು ಹುಲ್ಲು. ಆದರೆ ಗೈಡ್ ನೆನಪಿದ್ದಾನೆ. ಅಲ್ಲಿನದೇ ಹಳ್ಳಿಯವನು, ನಲವತ್ತರ ಆಸುಪಾಸು, ಮಾತು ಕಡಿಮೆ. ದಿನಾ ಸಂಜೆ ನಮ್ಮ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ನೋಡುತ್ತಿದ್ದ. ಶಿಖರದ ಹಿಂದಿನ ಸಂಜೆ ಅವನು ಹೇಳಿದ್ದು ಒಂದೇ ನಿಯಮ: “ದಸ್ ಬಜೇ ಜೋ ಜಹಾಂ ಹೈ, ವಹೀಂ ಸೇ ವಾಪಸ್.” ಹತ್ತು ಗಂಟೆಗೆ ಯಾರು ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು. ಮಧ್ಯಾಹ್ನವಾದರೆ ಮೇಲೆ ಮೋಡ ಕವಿಯುತ್ತದೆ. ಶಿಖರ ಎರಡು ಹೆಜ್ಜೆ ದೂರವಿದ್ದರೂ ಬಿಡಬೇಕು.

ನಸುಕಿನಲ್ಲೇ ಹೊರಟೆವು. ಮುಂದೆ ಗೈಡ್, ಅವನ ಹಿಂದೆ ಮಗಳು ಮತ್ತು ಇನ್ನು ಐದು ಜನ. ಕೊನೆಯಲ್ಲಿ ನಾನು, ನನ್ನ ಜೊತೆಗೆ ಸಹಾಯಕ ಗೈಡ್. ಬಿಸಿಲು ಬರುವ ಹೊತ್ತಿಗೆ ನನ್ನ ಲೆಕ್ಕ ಹತ್ತು ಹೆಜ್ಜೆಗೊಂದು ನಿಲುಗಡೆಯಿಂದ ಐದಕ್ಕೆ ಇಳಿದಿತ್ತು. ಎಂಟು ಗಂಟೆ ಇರಬೇಕು, ಸಹಾಯಕ ನನ್ನ ಮುಖ ನೋಡಿ ಕೇಳಿದ:

“ಅಂಕಲ್‌ಜೀ, ಘರ್ ಕಾ ಪಿನ್‌ಕೋಡ್?”

ಹೇಳಿದೆ. ಅವನು ಕೈಗವಸಿನ ಬೆರಳು ಮಡಚಿ ಎಣಿಸಿದ. ಆರರ ಬದಲು ಐದೇ ಅಂಕಿ ಹೇಳಿದ್ದೆ. ಎತ್ತರಕ್ಕೆ ತಲೆ ಮಂಕಾಗಿದೆಯೇ ಎಂದು ನೋಡುವ ಉಪಾಯ ಅದು.

“ಬಸ್. ನೀಚೇ ಚಲೇಂಗೇ.” ಸಾಕು, ಕೆಳಗೆ ಹೋಗೋಣ ಎಂದ.

ನಲವತ್ತು ಹೆಜ್ಜೆ ಮೇಲೆ ಮಗಳು ತಿರುಗಿ ನಿಂತಿದ್ದಳು. “ಅಪ್ಪಾ, ಠೀಕ್ ಇದೀರಾ?”

ನಾನು ಕೂಗಿದೆ: “ನೀನು ನಡಿ, ಹುಷಾರಮ್ಮಾ. ನಾನು ಬರ್ತೀನಿ!”

ಅವಳು ಕೋಲು ಎತ್ತಿ ತೋರಿಸಿ ನಡೆದಳು. ರೇಡಿಯೋದಲ್ಲಿ ಮುಂದಿನವರಿಗೆ ತಿಳಿಸಲು ಹೊರಟ ಸಹಾಯಕನಿಗೆ ನಾನೇ ಹೇಳಿದೆ, ಬೇಡ, ಮಗಳಿಗೆ ಹೇಳಿಯಾಯಿತು ಎಂದು. ಕೆಳಗಿಳಿದೆವು.

ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ಅಪಶಕುನ. ಬಾಯಿ ತಪ್ಪಿ ಅಂದರೂ ನನ್ನ ಅಮ್ಮ ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, ‘ಬರ್ತೀನಿ’ ಅನ್ನಿಸಿಯೇ ಕಳಿಸುತ್ತಿದ್ದಳು. ದಿಲ್ಲಿಗೆ ಬಂದು ಇಷ್ಟು ವರ್ಷವಾದರೂ ಕಚೇರಿಗೆ ಹೊರಡುವಾಗ ಬಾಗಿಲಲ್ಲಿ ಆ ಮಾತೇ. ಇಲ್ಲಿಯತನಕ ಕ್ಯಾಂಟೀನಿನ ಕತೆ, ಇಲ್ಲಿಯೇ ಎಲ್ಲರೂ ನಕ್ಕದ್ದು: ಕೆಳಗೆ ಹೋಗುವವನು ‘ಬರ್ತೀನಿ’ ಅಂದ, ದಿಲ್ಲಿಯಲ್ಲಿ ಬೆಳೆದ ಮಗಳು ಅದನ್ನು ನಿಜವಾಗಿಯೂ ಬರುತ್ತಾನೆಂದು ತಿಳಿದಳು.

ಅವಳು ನಿಜವಾಗಿಯೂ ತಿಳಿದಳು. ಕೊನೆಯ ಏರಿನ ಬುಡದಲ್ಲಿ ಹಿಡಿದು ಹತ್ತುವ ಹಗ್ಗ ಶುರುವಾಗುತ್ತದೆ. ಅದನ್ನು ಕಾಯಲು ಒಬ್ಬನನ್ನು ಕೂರಿಸಿರುತ್ತಾರೆ. ಅಲ್ಲಿಂದ ತುದಿಗೆ ಅರ್ಧ ಗಂಟೆ. ಅವಳು ಅವನ ಪಕ್ಕದ ಬಂಡೆಯ ಮೇಲೆ ಕೂತಳು. ಮುಂದಿದ್ದ ಗೈಡ್ ಕರೆದ. “ಪಾಪಾ ಆ ರಹೇ ಹೈಂ, ಸಾಥ್ ಮೇಂ ಜಾಯೇಂಗೇ,” ಅಪ್ಪ ಬರುತ್ತಿದ್ದಾರೆ, ಒಟ್ಟಿಗೆ ಹೋಗುತ್ತೇವೆ, ಎಂದಳು. ಹಿಂದಿನವರಿಂದ ಬೇರೆ ಸುದ್ದಿ ಇಲ್ಲದ್ದರಿಂದ ಅವನೂ ನಂಬಿ ಉಳಿದವರನ್ನು ಕರೆದುಕೊಂಡು ಹೋದ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಹಗ್ಗದವನು ಬಿಸಿನೀರು ಕೊಟ್ಟನಂತೆ. ಅವರೆಲ್ಲ ತುದಿ ಮುಟ್ಟಿ ಇಳಿದು ಬಂದಾಗ ಹತ್ತು ಗಂಟೆ. ನಿಯಮದ ಪ್ರಕಾರ ಅವಳೂ ತಿರುಗಿದಳು.

ಇಳಿಯುವಾಗ ದಾರಿಯ ಎರಡೂ ಬದಿ ಇಳಿಜಾರನ್ನು ನೋಡುತ್ತ ಬಂದುದಾಗಿ ಅವಳು ಒಮ್ಮೆ ಅವರಮ್ಮನಿಗೆ ಹೇಳಿದ್ದಾಳೆ. ಏನನ್ನು ಹುಡುಕುತ್ತ ಎಂದು ಹೇಳಿಲ್ಲ.

ಅವಳು ಕ್ಯಾಂಪಿನ ಊಟದ ಡೇರೆಯ ಪರದೆ ಸರಿಸಿದಾಗ ನಾನು ಕಿಚಡಿ ತಿನ್ನುತ್ತಿದ್ದೆ.

“ಅಪ್ಪಾ! ನೀವು ಇಲ್ಲಿ...? ಬರ್ತೀನಿ ಅಂದ್ರಿ!”

“ಬಂದೆನಲ್ಲ.”

“ಎಲ್ಲಿಗೆ? ಕಿಚಡಿಗೆ?”

“ಹೊರಡುವಾಗ ಹಾಗೇ ಅಲ್ವೇನೇ ಹೇಳೋದು? ಮನೇಲಿ ದಿನಾ ಕೇಳಿಲ್ವಾ?”

“ಕೇಳಿದೀನಿ! ದಿನಾ ಬರ್ತೀನಿ ಅಂತಿದ್ರಿ, ಸಂಜೆ ಬರ್ತಿದ್ರಿ. ಏಕ್ ದಿನ್ ಭೀ ಬರದೇ ಇದ್ರಾ? ಅದಕ್ಕೇ ಕೂತೆ.”

ಆಮೇಲೆ ಬೂಟು ಬಿಚ್ಚಲು ಬಗ್ಗಿದಳು. ಲೇಸಿನ ಗಂಟು ಹಿಮಗಟ್ಟಿತ್ತು, ಬಿಚ್ಚಲಾಗಲಿಲ್ಲ. ನಾನು ಬಿಚ್ಚಿಕೊಟ್ಟೆ ಎಂದು ನೆನಪು. ಇರಲಿಕ್ಕಿಲ್ಲ, ನನ್ನ ಬೆರಳುಗಳೂ ಮರಗಟ್ಟಿದ್ದವು. ಅಡುಗೆಯವನು ಬಿಚ್ಚಿರಬೇಕು.

ಮಾರನೆಯ ದಿನ ಮೋಡ ಕವಿಯಿತು, ಇನ್ನೊಂದು ಪ್ರಯತ್ನಕ್ಕೆ ಅವಕಾಶವಿರಲಿಲ್ಲ. ದಾರಿಯಲ್ಲಿ ಯಾರೋ ಕೇಳಿದಾಗ ಅವಳು “ಇಸ್ ಬಾರ್ ಭೀ ನಹೀಂ ಹುವಾ,” ಈ ಸಲವೂ ಆಗಲಿಲ್ಲ, ಎಂದಷ್ಟೇ ಹೇಳಿದಳು, ನನ್ನ ಹೆಸರು ಎತ್ತಲಿಲ್ಲ.

ಈಗ ಕ್ಯಾಂಟೀನಿನಲ್ಲಿ ಬಿಟ್ಟ ಭಾಗ. ನಲವತ್ತು ಹೆಜ್ಜೆ ಕೆಳಗೆ ನಿಂತಾಗ ನನಗೆ ‘ನಾನು ಇಳೀತೀನಿ’ ಎಂಬ ಮಾತು ಗೊತ್ತಿತ್ತು. ಅದರಲ್ಲಿ ಅಪಶಕುನವೇನೂ ಇಲ್ಲ. ನನ್ನಿಂದ ಆಗಲಿಲ್ಲ ಎಂದು ಆ ಐದು ಜನ ಹುಡುಗ ಹುಡುಗಿಯರ ಮುಂದೆ ಕೂಗಿ ಹೇಳಲು ನಾಚಿಕೆಯಾಯಿತು. ಅದೇ ನಾಚಿಕೆಗೆ ರೇಡಿಯೋವನ್ನೂ ತಡೆದೆ. ಎರಡೂ ಅರ್ಥ ಕೊಡುವ ಮಾತೊಂದು ಕೈಗೆ ಸಿಕ್ಕಿತು, ಬಳಸಿಕೊಂಡೆ. ಅಥವಾ ಇದೂ ಈಗ ಹೊಸದಾಗಿ ಕಟ್ಟುತ್ತಿರುವ ಕತೆಯೇ, ಐದಂಕಿಯ ಪಿನ್‌ಕೋಡ್ ಹೇಳುವ ತಲೆಗೆ ಅಷ್ಟು ಕುಯುಕ್ತಿ ಸಾಧ್ಯವೇ, ಗೊತ್ತಿಲ್ಲ. ಆದರೆ ನಾಚಿಕೆ ಇತ್ತು. ಅದೊಂದನ್ನು ನನ್ನ ಮೈ ಇನ್ನೂ ಮರೆತಿಲ್ಲ.

ಕ್ಯಾಂಟೀನಿನಿಂದ ಮೆಟ್ರೋದಲ್ಲಿ ಬರುವಾಗ ಅವಳಿಗೆ ಇದನ್ನು ಹೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು ಇನ್ನೊಮ್ಮೆ ಹೇಳಿ ಅಂದಳು. ಇನ್ನೊಮ್ಮೆ ಹೇಳಿದೆ.

“ಅಂದ್ರೆ ನಾನು ಕಾದದ್ದು ನಿಮ್ಮ ಶರಮ್‌ಗೆ?”

“ಹೌದು.”

“ಒಂದು ಸಲ ಬೋಲ್ ದೇತೇ, ಅಪ್ಪಾ, ಹೇಳಿಬಿಡಬಹುದಿತ್ತು. ನಾನು ನಗ್ತಿದ್ನಾ?”

ಅವಳು ಇಳಿಯಬೇಕಾದ ನಿಲ್ದಾಣ ಬಂತು, ಇಳಿದಳು. ಹನ್ನೊಂದು ದಿನ ನನಗೆ ಫೋನ್ ಇಲ್ಲ. ಹೆಂಡತಿಗೆ ಮಾತ್ರ ಮಾಡುತ್ತಿದ್ದಳು; ನಾನು ನಡುಮನೆಯಲ್ಲಿ ಪೇಪರ್ ಹಿಡಿದು, ಅಡುಗೆಮನೆಯಿಂದ ಬರುವ ‘ಹೂಂ, ಹೂಂ’ಗಳಿಂದ ಅವಳ ಕ್ಷೇಮ ಊಹಿಸುತ್ತಿದ್ದೆ.

ಹನ್ನೆರಡನೆಯ ದಿನ ಕಚೇರಿಯ ಊಟದ ಹೊತ್ತಿಗೆ ನನ್ನ ಫೋನೇ ಹೊಡೆದುಕೊಂಡಿತು.

“ಮೇ ತಿಂಗಳಿಗೆ ಹೆಸರು ಕೊಟ್ಟೆ. ಅದೇ ಪಹಾಡ್. ಅದೇ ಗೈಡ್. ನೀವು?”

ಪಲ್ಯ ಬಾಯಲ್ಲಿತ್ತು, ನುಂಗಿದೆ. “ಕ್ಯಾಂಪಿನವರೆಗೆ ಜೊತೆಗಿರ್ತೀನಿ. ಅಲ್ಲಿಂದ ಮೇಲೆ ನನ್ನ ಕೈಲಾಗಲ್ಲ.”

“ಪಕ್ಕಾ?”

“ಪಕ್ಕಾ. ಮೇಲೆ ಬರಲ್ಲ.”

ಆ ಕಡೆ ಅವಳ ಕಚೇರಿಯ ಸದ್ದು, ಯಾರೋ ಲಿಫ್ಟಿಗೆ ಬಾ ಎಂದು ಕರೆಯುತ್ತಿದ್ದರು.

“ಅಚ್ಛಾ,” ಎಂದಳು. “ಹಾಗಾದ್ರೆ ನಾನು ಕಾಯಲ್ಲ.”